ಹಕ್ಕಿಯ ಕಣ್ಣಿನಲ್ಲಿ ಒಂದು ಚುಕ್ಕೆ ಬೆಳಕು

ಆಷಾಢದ ಮಳೆ ಹಿಡಿದು ಮಲೆನಾಡಿನ ಹಳ್ಳಗಳೆಲ್ಲ ಹೊಳೆಗೆ ಬಂದು ಕೂಡಿದಾಗ, ಶಿವಮೊಗ್ಗದ ಜನ ನೀರಿನ ಮಟ್ಟವನ್ನು ತಿಳಿಯಲು ಯಾವ ಅಧಿಕಾರಿಯನ್ನೂ ಕೇಳುವುದಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ನಡುವೆ ನಿಂತಿರುವ ಕಲ್ಲಿನ ಮಂಟಪವನ್ನು ನೋಡುತ್ತಾರೆ. ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಲೆಕ್ಕ. ಆ ದಿನ ಊರಿಗೆ ಊರೇ ದಡಕ್ಕೆ ಬರುತ್ತದೆ. ಬಾಗಿನ ಕೊಡುವವರು ಕೊಡುತ್ತಾರೆ, ಉಳಿದವರು ಕೊಡೆ ಹಿಡಿದು ನಿಲ್ಲುತ್ತಾರೆ.

ಈಚಿನ ವರ್ಷಗಳಲ್ಲಿ ಈ ಗುಂಪಿನ ಅಂಚಿನಲ್ಲಿ ಇನ್ನೊಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಅವರಿಗೆ ಹೊಳೆಯ ಮೇಲೆ ಕಣ್ಣಿಲ್ಲ. ಕೆಂಪು ನೀರಿನ ಮೇಲೆ ಸುತ್ತುವ ಗರುಡನನ್ನೋ, ದಡದ ಕೊಂಬೆಯಲ್ಲಿ ಮುದುಡಿ ಕುಳಿತ ಮಿಂಚುಳ್ಳಿಯನ್ನೋ ಹುಡುಕುತ್ತ, ಮೊಳದುದ್ದದ ಲೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಿಂತಿರುತ್ತಾರೆ. “ಏನ್ ಸ್ವಾಮಿ, ಹೊಳೆ ಬಿಟ್ಟು ಕಾಗೆ ಹಿಡೀತಿದೀರಲ್ಲ?” ಎಂದು ಪಕ್ಕದವರು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹಿಡಿದದ್ದು ಕಾಗೆಯೋ ಗರುಡನೋ ಎಂಬುದು ಮನೆಗೆ ಹೋಗಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವವರೆಗೆ ಅವರಿಗೂ ತಿಳಿದಿರುವುದಿಲ್ಲ.

ಹೊಸಬನ ದುಃಖವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. (ಹೊಸಬನೆಂದಾಗ ಹೊಸಬಳೂ ಸೇರಿದಳೆಂದು ವಾಚಕರು ತಿಳಿಯಬೇಕು, ತುಂಗೆಯ ದಡದಲ್ಲಿ ಕ್ಯಾಮರಾ ಹಿಡಿದ ಹೆಣ್ಣುಮಕ್ಕಳೂ ಉಂಟು.) ಕ್ಯಾಮರಾದ ಬೆನ್ನ ಮೇಲಿನ ಪುಟ್ಟ ಕಿಟಕಿಯಲ್ಲಿ ಅಷ್ಟು ಚೆಲುವಾಗಿ ಕಂಡ ಹಕ್ಕಿ ಮನೆಯ ದೊಡ್ಡ ಪರದೆಯ ಮೇಲೆ ಒದ್ದೆ ಹತ್ತಿಯ ಉಂಡೆಯಾಗಿರುತ್ತದೆ. ಇನ್ನೂರು ಚಿತ್ರಗಳಲ್ಲಿ ನೂರ ತೊಂಬತ್ತು ಹೀಗೆ. ಅವನು ಮೊದಲು ಬಯ್ಯುವುದು ಲೆನ್ಸನ್ನು. ಎರಡನೆಯದಾಗಿ, ಇನ್ನೂ ದುಬಾರಿಯಾದ ಲೆನ್ಸನ್ನು ಕೊಳ್ಳಲಾಗದ ತನ್ನ ಸಂಬಳವನ್ನು. ಎರಡೂ ಬಹುಮಟ್ಟಿಗೆ ನಿರಪರಾಧಿಗಳು.

ಮಸುಕಿನಲ್ಲಿಯೂ ಜಾತಿಗಳಿವೆ. ಚಿತ್ರವನ್ನು ಅಳಿಸಿಹಾಕುವ ಮುನ್ನ ಅದನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ವೈದ್ಯನು ನಾಡಿ ನೋಡುವಂತೆ ನೋಡಿದರೆ ರೋಗ ತಾನೇ ಹೇಳಿಕೊಳ್ಳುತ್ತದೆ. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಜೋಡಿ ಗೆರೆಯಾಗಿ ಕಂಡರೆ ಅಲುಗಿದ್ದು ಕೈ. ಕೊಂಬೆಯ ತೊಗಟೆ ಸ್ಫುಟವಾಗಿದ್ದು ಹಕ್ಕಿಯ ತಲೆ ಮಾತ್ರ ಕಲಸಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿಯ ಹಿಂದಿನ ಎಲೆಯ ನರಗಳನ್ನು ಎಣಿಸಬಹುದಾಗಿದ್ದು ಹಕ್ಕಿ ಮೃದುವಾಗಿದ್ದರೆ, ಕೈಯೂ ಸರಿ, ಹಕ್ಕಿಯೂ ಸರಿ. ಲೆನ್ಸಿನ ನೋಟ ಬೇರೆಲ್ಲೋ ನೆಟ್ಟಿತ್ತು. ಯಾವುದೂ ಎಲ್ಲಿಯೂ ಸ್ಫುಟವಾಗಿಲ್ಲದೆ, ದೂರದ ಹಕ್ಕಿ ನೀರಿನಡಿಯ ಕಲ್ಲಿನಂತೆ ತೇಲುತ್ತಿದ್ದರೆ ನಡುವಿನ ಬಿಸಿಗಾಳಿಯೇ ಕಾರಣ. ಈ ನಾಲ್ಕಕ್ಕೂ ಒಂದೇ ಔಷಧವಿಲ್ಲ. ಕೈ ಅಲುಗಿದ ಚಿತ್ರಕ್ಕೆ ನೋಟದ ಬಿಂದುವನ್ನು ದೂರುತ್ತ ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಕೈಗೆ ಹಳೆಯ ಸೂತ್ರವೊಂದಿದೆ: ಲೆನ್ಸು 400 ಮಿಲಿಮೀಟರಿನದಾದರೆ ಷಟರಿನ ವೇಗ ಸೆಕೆಂಡಿನ 1/400ಕ್ಕಿಂತ ನಿಧಾನವಾಗಿರಬಾರದು; ಹೊಸಬರ ಬಳಿ ಸಾಮಾನ್ಯವಾಗಿರುವ ಚಿಕ್ಕ ಸಂವೇದಕದ ಕ್ಯಾಮರಾಗಳಲ್ಲಿ ಅದನ್ನು 1/600 ಎಂದೇ ಎಣಿಸುವುದು ಕ್ಷೇಮ. ಈಗಿನ ಲೆನ್ಸುಗಳಲ್ಲಿ ಕೈನಡುಕವನ್ನು ತಡೆಯುವ ಯಂತ್ರ ಒಳಗೇ ಇರುತ್ತದೆ. ಅದು ಕೈಯನ್ನು ಕಾಯುತ್ತದೆಯೇ ಹೊರತು ಹಕ್ಕಿಯನ್ನಲ್ಲ. ಸುಮ್ಮನೆ ಕುಳಿತಂತೆ ಕಾಣುವ ಪಿಕಳಾರ ಒಂದು ನಿಮಿಷದಲ್ಲಿ ಎಷ್ಟು ಸಲ ಕತ್ತು ತಿರುಗಿಸುತ್ತದೆಂಬುದನ್ನು ಎಣಿಸಿ ನೋಡಿದವರಿಗೆ 1/1000 ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಹಾರುವ ಹಕ್ಕಿಗೆ 1/2000, ಕೆಲವಕ್ಕೆ ಅದಕ್ಕೂ ಹೆಚ್ಚು.

ಇನ್ನು ನೋಟದ ವಿಷಯ. ಅಂಥ 400 ಮಿಲಿಮೀಟರಿನ ಲೆನ್ಸಿನ ಕಣ್ಣನ್ನು ಪೂರ್ಣವಾಗಿ ತೆರೆದಾಗ, ಹತ್ತು ಮೀಟರ್ ದೂರದಲ್ಲಿ ಸ್ಫುಟವಾಗಿ ಬೀಳುವ ಆಳ ಒಂದು ಗೇಣಿಗೂ ಕಡಿಮೆ. ಐದು ಮೀಟರಿಗೆ ಬಂದರೆ ಎರಡು ಬೆರಳಿನಷ್ಟು. ಅಂದರೆ ಹತ್ತಿರದ ಬೆಳ್ಳಕ್ಕಿಯ ರೆಕ್ಕೆಗೆ ಗುರಿಯಿಟ್ಟವನಿಗೆ ಅದರ ಕಣ್ಣು ದಕ್ಕುವುದಿಲ್ಲ. ನೋಡುವವನು ಮೊದಲು ಹುಡುಕುವುದು ಕಣ್ಣನ್ನೇ. ಅದರಲ್ಲಿ ಒಂದು ಚುಕ್ಕೆ ಬೆಳಕು ಮಿನುಗಿದರೆ ಬಾಲದ ಮಸುಕನ್ನು ಯಾರೂ ಕೇಳುವುದಿಲ್ಲ. ಆದುದರಿಂದ ಕ್ಯಾಮರಾ ತಾನೇ ಆರಿಸಿಕೊಳ್ಳುವ ಹತ್ತಾರು ಬಿಂದುಗಳನ್ನು ಬಿಟ್ಟು ಒಂದೇ ಬಿಂದುವನ್ನು ಕಣ್ಣಿನ ಮೇಲೆ ನಿಲ್ಲಿಸುವ ಅಭ್ಯಾಸ ಮೊದಲಾಗಬೇಕು. ಹಕ್ಕಿಯ ಕಣ್ಣನ್ನು ತಾನಾಗಿ ಗುರುತಿಸುವ ಹೊಸ ಕ್ಯಾಮರಾಗಳು ಬಂದಿವೆಯೆಂಬುದೂ ನಿಜ. ಬಿದಿರ ಮೆಳೆಯ ನಡುವೆ ಅವೂ ಎಷ್ಟೋ ಸಲ ಕಡ್ಡಿಯನ್ನೇ ಕಣ್ಣೆಂದು ಭ್ರಮಿಸುತ್ತವೆ.

ಈ ಅಭ್ಯಾಸಕ್ಕೆ ಕಾಡಿಗೆ ಹೋಗಬೇಕೆಂದಿಲ್ಲ. ಶಿವಪ್ಪನಾಯಕನ ಅರಮನೆಯ ಹಿಂದಿನ ಹೊಳೆದಂಡೆ, ಗಾಂಧಿ ಪಾರ್ಕಿನ ಮರಗಳು, ಮನೆಯಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ ಇವೇ ಸಾಕು. ಊರ ಹಕ್ಕಿ ಮನುಷ್ಯನಿಗೆ ಹೆದರುವುದಿಲ್ಲ, ನಾಳೆಯೂ ಅದೇ ಕೊಂಬೆಗೆ ಬರುತ್ತದೆ. ಆದರೆ ಹೊಸಬನಿಗೆ ಮೈನಾ ಹಿಡಿಸುವುದಿಲ್ಲ. ಅವನಿಗೆ ಮಂಡಗದ್ದೆ ಬೇಕು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಗಾಜನೂರಿನ ಅಣೆಕಟ್ಟನ್ನೂ ಸಕ್ರೆಬೈಲಿನ ಆನೆಬಿಡಾರವನ್ನೂ ದಾಟಿ, ಕಾಡಿನ ನೆರಳಿನಲ್ಲಿ ಹೊಳೆಗೆ ಜೊತೆಯಾಗಿ ಸಾಗುತ್ತದೆ. ಸುಮಾರು 30 ಕಿಲೋಮೀಟರ್ ಹೋದಾಗ ಮಂಡಗದ್ದೆ. ಇಲ್ಲಿ ತುಂಗೆ ತನ್ನ ನಡುವೆ ಒಂದು ಪುಟ್ಟ ನಡುಗಡ್ಡೆಯನ್ನು ಉಳಿಸಿಕೊಂಡಿದ್ದಾಳೆ. ಅದರ ತಗ್ಗು ಮರಗಳ ತುಂಬ ಮಳೆಗಾಲದುದ್ದಕ್ಕೂ ಹಕ್ಕಿಗಳ ಸಂಸಾರ: ಬೆಳ್ಳಕ್ಕಿ, ನೀರುಕಾಗೆ, ಹಾವಿನಂತೆ ಕತ್ತು ನುಲಿಯುವ ಹಾವಕ್ಕಿ. ದೂರದಿಂದ ನೋಡಿದರೆ ಹಸಿರು ಮರಗಳಿಗೆ ಹತ್ತಿ ಒಡೆದಂತಿರುತ್ತದೆ. ಹೊಳೆ ಉಕ್ಕಿದ ವರ್ಷ ಕೆಳಗೊಂಬೆಯ ಗೂಡುಗಳಿಗೆ ನೀರೇ ಶತ್ರು. ಮೇಲುಗೊಂಬೆಯವಕ್ಕೆ ಕಾಗೆ ಹದ್ದುಗಳು. ಅದರ ನಡುವೆಯೂ ಕಡ್ಡಿ ತರುವುದು, ಕದಿಯುವುದು, ಜಗಳವಾಡುವುದು, ಮರಿಗಳಿಗೆ ಉಣಿಸುವುದು ಸಂಜೆಯವರೆಗೆ ನಡೆದೇ ಇರುತ್ತದೆ. ಸದ್ದೋ, ಸಂತೆಯೇ ಸರಿ. ವಾಸನೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು.

ದಡದಲ್ಲಿ ವೀಕ್ಷಣಾ ಗೋಪುರವಿದೆ. ಅಲ್ಲಿಗೆ ಹತ್ತಿದ ಹೊಸಬನಿಗೆ ಒಂದೇ ದಿನದಲ್ಲಿ ನಾಲ್ಕಾರು ಪಾಠಗಳಾಗುತ್ತವೆ. ಹವಾನಿಯಂತ್ರಿತ ಕಾರಿನಿಂದ ನೇರವಾಗಿ ಹೊರತಂದ ಲೆನ್ಸು ಮಲೆನಾಡಿನ ತೇವಕ್ಕೆ ಕೂಡಲೇ ಮಂಜು ಹಿಡಿಯುತ್ತದೆ. ಹತ್ತು ಹದಿನೈದು ನಿಮಿಷ ಚೀಲದೊಳಗೇ ಇರಿಸಿ ಹೊರಗಿನ ಹವೆಗೆ ಹೊಂದಿಸಬೇಕಿತ್ತು. ಮೆಟ್ಟಿಲೇರುವ ಮಕ್ಕಳ ಪ್ರತಿಯೊಂದು ಹೆಜ್ಜೆಯೂ ಮುಕ್ಕಾಲಿಯ ಮೂಲಕ ಕ್ಯಾಮರಾವನ್ನು ಮುಟ್ಟುತ್ತದೆ. ಗೋಪುರದ ಕಟ್ಟೆಯ ಮೇಲೆ ಅಕ್ಕಿ ತುಂಬಿದ ಬಟ್ಟೆಯ ಚೀಲವನ್ನಿಟ್ಟು ಅದರ ಮೇಲೆ ಲೆನ್ಸನ್ನು ಒರಗಿಸಿದವನಿಗೆ ಆ ಕಾಟ ಕಡಿಮೆ. ಮೋಡ ಕವಿದ ಶ್ರಾವಣದ ಬೆಳಕಿನಲ್ಲಿ 1/1000 ಬೇಕೆಂದರೆ ಐ.ಎಸ್.ಓ.ವನ್ನು 1600ಕ್ಕೋ 3200ಕ್ಕೋ ಏರಿಸಬೇಕು. ಹಾಗೆ ಏರಿಸಿದರೆ ಚಿತ್ರ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆಂದು ಹೆದರಿ 100ಕ್ಕೇ ಅಂಟಿಕೊಂಡವನು ಕೊನೆಗೆ ಕಾಳಿಲ್ಲದ ಮಸುಕನ್ನು ಮನೆಗೆ ಒಯ್ಯುತ್ತಾನೆ. ಕಾಳನ್ನು ಆಮೇಲೆ ಎಷ್ಟೋ ತಿದ್ದಬಹುದು. ಅಲುಗಿದ ಕಣ್ಣನ್ನು ತಿದ್ದುವುದು ಹಾಗಲ್ಲ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೆಳ್ಳಕ್ಕಿಯ ಬಿಳುಪು. ಕ್ಯಾಮರಾ ಲೋಕವನ್ನೆಲ್ಲ ಬೂದು ಬಣ್ಣವೆಂದೇ ನಂಬುವ ಯಂತ್ರ. ಕಪ್ಪು ಹಸಿರಿನ ನಡುವೆ ಕುಳಿತ ಬಿಳಿ ಹಕ್ಕಿಯನ್ನು ಕಂಡಾಗ ಅದು ಹಸಿರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಗೋಡೆ ಮಾಡುತ್ತದೆ. ಸಂತಾನಕಾಲದಲ್ಲಿ ಬೆಳ್ಳಕ್ಕಿಯ ಬೆನ್ನಿನಿಂದ ಇಳಿಯುವ ನೂಲಿನಂಥ ಗರಿಗಳು, ಒಂದು ಕಾಲಕ್ಕೆ ಯೂರೋಪಿನ ಹೆಂಗಸರ ಟೋಪಿಗಳಿಗಾಗಿ ಈ ಹಕ್ಕಿಗಳನ್ನು ರಾಶಿರಾಶಿಯಾಗಿ ಕೊಲ್ಲಿಸಿದ ಗರಿಗಳು, ಆ ಸುಣ್ಣದಲ್ಲಿ ಮಾಯವಾಗುತ್ತವೆ. ಚಿತ್ರ ಮಸುಕೆಂದು ತೋರುವುದು ಎಷ್ಟೋ ಸಲ ಹೀಗೆ ಬೆಳಕು ಹೆಚ್ಚಾದುದರಿಂದ. ಒಂದು ಅಥವಾ ಒಂದೂವರೆ ಸ್ಟಾಪಿನಷ್ಟು ಬೆಳಕನ್ನು ಇಳಿಸಿದರೆ ಗರಿಗರಿಯೂ ಬೇರೆಬೇರೆಯಾಗಿ ಬರುತ್ತದೆ. ಬಾನಿಗೆದುರಾಗಿ ಕುಳಿತ ಕರಿಯ ನೀರುಕಾಗೆಗೆ ಇದೇ ಸೂತ್ರ ತಲೆಕೆಳಗು.

ಇದೇ ರಸ್ತೆ ಮುಂದೆ ತೀರ್ಥಹಳ್ಳಿಗೂ ಅದರಾಚೆ ಕುಪ್ಪಳಿಗೂ ಹೋಗುತ್ತದೆ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದ ಕಾಲ ಬಹುಮಟ್ಟಿಗೆ ಫಿಲ್ಮಿನದು. ಒಂದು ಸುರುಳಿಗೆ ಮೂವತ್ತಾರು ಚಿತ್ರ. ತಪ್ಪು ತಿಳಿಯುವುದು ಸುರುಳಿಯನ್ನು ತೊಳೆಸಿ ತಂದ ಮೇಲೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಮೊದಲಾದವರ ತಲೆಮಾರಿಗೂ ಅದೇ ಶಿಕ್ಷಣ. ಈಗ ಒಂದು ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ಹೊಡೆಯುವ ಯಂತ್ರ ಕೈಗೆ ಬಂದಿದೆ, ಕಾಯುವ ಅಭ್ಯಾಸ ಹೋಗಿದೆ ಎಂದು ಹಿರಿಯರು ಗೊಣಗುವುದುಂಟು. ಆ ಗೊಣಗಾಟದಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ಉತ್ತರವೆಂದರೆ, ತಪ್ಪನ್ನು ದಡದಲ್ಲಿಯೇ ಕಂಡು ದಡದಲ್ಲಿಯೇ ತಿದ್ದಿಕೊಳ್ಳುವ ಭಾಗ್ಯ ಅವರಿಗಿರಲಿಲ್ಲ.

ಮಂಡಗದ್ದೆಯಿಂದ ಹಿಂತಿರುಗಿದ ಚಿತ್ರಗಳು ಮನೆಯ ಮೇಜಿಗೆ ಬರುತ್ತವೆ. ಆ ಮನೆ ಭದ್ರಾವತಿಯಲ್ಲಿದೆಯೆಂದು ಇಟ್ಟುಕೊಳ್ಳೋಣ. ಶಿವಮೊಗ್ಗಕ್ಕೂ ಭದ್ರಾವತಿಗೂ ಇಪ್ಪತ್ತು ಕಿಲೋಮೀಟರಿನಷ್ಟೂ ಅಂತರವಿಲ್ಲ, ಒಂದರ ನಂಟರು ಇನ್ನೊಂದರಲ್ಲಿ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರು ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆಯಿಂದ ಬೆಳೆಯಿತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಅರ ಹಿಡಿದ ಕುಶಲಿಗಳಿದ್ದ ಊರು. ಅರದ ಗುಣವನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ: ಅಂಚನ್ನು ಅದು ಹರಿತ ಮಾಡುತ್ತದೆ, ಹೊಸ ಲೋಹವನ್ನು ಕೂಡಿಸುವುದಿಲ್ಲ, ಮಿತಿಮೀರಿದರೆ ಇದ್ದುದನ್ನೂ ತಿಂದುಹಾಕುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರವನ್ನು ಹರಿತಗೊಳಿಸುವ ಕ್ರಿಯೆಯೂ ಇಂಥದೇ. ಕಪ್ಪೂ ಬಿಳುಪೂ ಸಂಧಿಸುವ ಗೆರೆಯಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ ಬಿಳುಪನ್ನು ಇನ್ನಷ್ಟು ಬಿಳುಪಾಗಿಸುವುದೇ ಅದರ ಗುಟ್ಟು. ಕಣ್ಣು ಅದನ್ನು ಸ್ಫುಟತೆಯೆಂದು ಓದಿಕೊಳ್ಳುತ್ತದೆ. ಇದು ಕಂಪ್ಯೂಟರಿನ ಆವಿಷ್ಕಾರವೂ ಅಲ್ಲ. ಕತ್ತಲೆ ಕೋಣೆಯ ಕಾಲದಲ್ಲಿಯೇ ನೆಗೆಟಿವಿನ ಮಸುಕಾದ ಪ್ರತಿಯೊಂದನ್ನು ಮಾಡಿ, ಮೂಲಕ್ಕೆ ಜೋಡಿಸಿ ಅಚ್ಚು ತೆಗೆದು ಅಂಚುಗಳನ್ನು ಎತ್ತಿಕೊಡುವ ವಿದ್ಯೆಯಿತ್ತು. ಹೊಸಬನು ಈ ಗುಂಡಿಯನ್ನು ಕಂಡ ದಿನ ಹಬ್ಬ. ಬಲಕ್ಕೆ ಸರಿಸಿದಷ್ಟೂ ಹಕ್ಕಿ ಜೀವ ತಳೆದಂತೆ ತೋರುತ್ತದೆ; ಬೆಳಿಗ್ಗೆ ಎದ್ದು ನೋಡಿದರೆ ಕೊಕ್ಕಿನ ಸುತ್ತ ಸುಣ್ಣ ಬಳಿದಂತೆ ಬಿಳಿಯ ಗೆರೆ, ಗರಿಗಳ ಬದಲು ತಂತಿ, ಹಿಂಬದಿಯ ಮೃದುವಾದ ಹಸಿರಿನಲ್ಲೆಲ್ಲ ಮರಳು.

ಮರಳು ಬಂದದ್ದು ಅಜಾಗರೂಕತೆಯಿಂದ. ಮೊದಲು ಬೆಳಕನ್ನು ಸರಿಪಡಿಸಿ, ಕಾಳನ್ನು ತಗ್ಗಿಸಿ, ಆಮೇಲೆ ಹರಿತವನ್ನು ಹಕ್ಕಿಯ ಮೈಗೆ ಮಾತ್ರ ಕೊಟ್ಟು ಹಿಂಬದಿಯನ್ನು ಅದರ ಪಾಡಿಗೆ ಬಿಡಬೇಕಿತ್ತು. ಕ್ಯಾಮರಾದಲ್ಲಿಯೇ ಹದಗೊಂಡ ಚಿತ್ರದ ಬದಲು ‘ರಾ’ ಎಂಬ ಹಸಿ ಕಡತವನ್ನು ಉಳಿಸಿಕೊಂಡಿದ್ದರೆ ಬೆಳ್ಳಕ್ಕಿಯ ಬೆನ್ನಿನಲ್ಲಿ ಕಳೆದುಹೋದ ಗರಿಗಳಲ್ಲಿ ಕೆಲವಾದರೂ ಮರಳಿ ಬರುತ್ತಿದ್ದವು. ಕಡೆಯ ಹರಿತವಂತೂ ಚಿತ್ರ ಹೋಗುವ ಜಾಗವನ್ನು ನೋಡಿ ಕೊಡಬೇಕಾದದ್ದು. ಪರದೆಗೆ ಸಾಕಾದದ್ದು ಕಾಗದಕ್ಕೆ ಸಾಲದು, ಕಾಗದದಲ್ಲಿ ಮಸಿ ಹರಡುತ್ತದೆ. ಇದನ್ನು ಭದ್ರಾವತಿಯ ಹಳಬರು ಬಲ್ಲರು. ಇಲ್ಲಿನ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಕಾಗದವನ್ನೂ ತಯಾರಿಸಿತ್ತು. ಕಾರ್ಖಾನೆ ನಿಂತು ವರ್ಷಗಳಾದುವು. ಅದರ ಸುತ್ತಿನ ದೊಡ್ಡ ಮರಗಳಲ್ಲಿ ಸಂಜೆ ಗಿಳಿಗಳ ಗದ್ದಲ ಮಾತ್ರ ನಿಂತಿಲ್ಲ.

ಕತ್ತರಿಸುವುದರ ಬಗ್ಗೆಯೂ ಹೊಸಬನಿಗೆ ಅತಿ ವಿಶ್ವಾಸ. ಎರಡರಷ್ಟು ದೂರದಲ್ಲಿದ್ದ ಹಕ್ಕಿ ಚಿತ್ರದಲ್ಲಿ ಕಾಲುಭಾಗ ಜಾಗವನ್ನಷ್ಟೇ ಪಡೆಯುತ್ತದೆ. ಅದನ್ನು ಕತ್ತರಿಸಿ ಹಿಗ್ಗಿಸಿದಾಗ ಹಕ್ಕಿಯೊಂದಿಗೆ ಅದರ ದೋಷಗಳೂ ಹಿಗ್ಗುತ್ತವೆ. ಈ ಕೊರತೆಯನ್ನು ತುಂಬಲು ಈಗ ಕೃತಕ ಬುದ್ಧಿಯ ತಂತ್ರಾಂಶಗಳು ಬಂದಿವೆ. ಅವುಗಳಲ್ಲಿ ಕೆಲವು ಇಲ್ಲದ ಗರಿಯನ್ನು ತಾವೇ ಊಹಿಸಿ ಬರೆದುಬಿಡುತ್ತವೆ. ನೋಡಲು ಚೆನ್ನ. ಆದರೆ ಆ ಗರಿ ಮಂಡಗದ್ದೆಯ ಹಕ್ಕಿಯದಲ್ಲ, ಯಾವ ಹಕ್ಕಿಯದೂ ಅಲ್ಲ. ಫಿಯಾಪ್ ಮೊದಲಾದ ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗಚಿತ್ರಕ್ಕೆ ಒಪ್ಪಿಕೊಂಡಿರುವ ಸಮಾನ ನಿಯಮದ ಪ್ರಕಾರ ಬೆಳಕನ್ನು ತಿದ್ದಬಹುದು, ಅಂಚನ್ನು ಕತ್ತರಿಸಬಹುದು. ಚಿತ್ರದೊಳಗಿನ ವಸ್ತುವನ್ನು ತೆಗೆಯುವಂತಿಲ್ಲ, ಹೊಸದನ್ನು ಸೇರಿಸುವಂತಿಲ್ಲ. ಕಣ್ಣಿಗಡ್ಡವಾದ ಕಡ್ಡಿಯನ್ನು ಅಳಿಸುವುದೂ ಸುಳ್ಳಿನ ಲೆಕ್ಕವೇ.

ಹಾಗಾದರೆ ಉಳಿದ ದಾರಿ ಹತ್ತಿರ ಹೋಗುವುದು. ಅಪಾಯ ಅಡಗಿರುವುದು ಇಲ್ಲಿಯೇ, ಹೊಸಬನಿಗಲ್ಲ, ಹಕ್ಕಿಗೆ.

ಭದ್ರಾವತಿಯಿಂದ ದಕ್ಷಿಣಕ್ಕೆ ಬಿ.ಆರ್. ಪ್ರಾಜೆಕ್ಟಿನ ಕಡೆ ಹೊರಟರೆ ಬಯಲು ಮುಗಿದು ಗುಡ್ಡಗಳು ಎದುರಾಗುತ್ತವೆ. ಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡನ್ನು ತಬ್ಬಿಕೊಂಡು ವಿಶಾಲವಾದ ಹಿನ್ನೀರು ನಿಂತಿದೆ. ಬೇಸಿಗೆ ಬಂದು ನೀರು ತಗ್ಗಿದಂತೆ ಅದರ ನಡುವೆ ಬೋಳು ದಿಬ್ಬಗಳು ತಲೆಯೆತ್ತುತ್ತವೆ. ಅವುಗಳ ಮೇಲೆ ಸಾವಿರಾರು ನದಿ ರೀವಗಳು ಬಂದಿಳಿಯುತ್ತವೆ. ಕರಿಯ ಟೋಪಿ, ಹಳದಿ ಕೊಕ್ಕು, ಬೂದು ಬೆನ್ನು, ಕತ್ತರಿಯಂತೆ ಸೀಳಿದ ಬಾಲ. ನೀರಿನ ಮೇಲೆ ತೇಲಿಬಂದು ತಟ್ಟನೆ ಮೀನಿಗೆ ಧುಮುಕುವ ಚೆಲುವೆ. ಲಕ್ಕವಳ್ಳಿಯಲ್ಲಿರುವ ಜಂಗಲ್ ಲಾಡ್ಜಸ್ ಸಂಸ್ಥೆಯ ವಿಹಾರಧಾಮಕ್ಕೆ ಈ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ದೇಶದ ಎಷ್ಟೋ ಹೊಳೆಗಳಲ್ಲಿ ಇದು ವಿರಳವಾಗುತ್ತಿರುವಾಗ ಭದ್ರೆಯ ದಿಬ್ಬಗಳು ಅದರ ದೊಡ್ಡ ಬಾಣಂತಿಮನೆಗಳಲ್ಲೊಂದಾಗಿವೆ.

ಈ ಬಾಣಂತಿಮನೆಗೆ ಛಾವಣಿಯಿಲ್ಲ, ಗೋಡೆಯಿಲ್ಲ. ಬರಿ ನೆಲದ ತಗ್ಗಿನಲ್ಲಿ ಕಲ್ಲಿನ ಬಣ್ಣದ ಮೊಟ್ಟೆಗಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಾಯಿತಂದೆಗಳು ಅವುಗಳ ಮೇಲೆ ಕೂರುವುದು ಶಾಖ ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಸರದಿಯಲ್ಲಿ ಹೋಗಿ ಎದೆಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಬರುವುದೂ ಉಂಟು. ದೋಣಿಯೊಂದು ದಿಬ್ಬಕ್ಕೆ ತೀರ ಸಮೀಪ ಬಂದರೆ ಗುಂಪಿಗೆ ಗುಂಪೇ ಮೇಲೇಳುತ್ತದೆ. ಆ ಕ್ಷಣ ಛಾಯಾಗ್ರಾಹಕನಿಗೆ ಹಬ್ಬ: ಬಾನ ತುಂಬ ರೆಕ್ಕೆಗಳು. ಕೆಳಗೆ ಮೊಟ್ಟೆಗಳು ಕಾದ ಕಲ್ಲಿನ ಮೇಲೆ ಬೇಯತೊಡಗುತ್ತವೆ; ಕಾಗೆಗಳಿಗೂ ಹದ್ದುಗಳಿಗೂ ಕರೆಯಿಲ್ಲದ ಊಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಬೇಟೆ ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಬಂದೂಕಿನ ಬದಲು ಕ್ಯಾಮರಾ ಹಿಡಿದವನಿಗೆ ಈ ಪದ ಕಹಿಯೆನಿಸಬಹುದು. ಬೆಂದ ಮೊಟ್ಟೆಗೆ ಎರಡೂ ಒಂದೇ. ಗೂಡಿನ ಮೇಲಿನ ಹಕ್ಕಿಯ ಚಿತ್ರವನ್ನು ಈಗ ಅನೇಕ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ.

ವಿಚಿತ್ರವೆಂದರೆ, ಹೀಗೆ ಬೆನ್ನಟ್ಟಿ ಪಡೆದ ಚಿತ್ರ ಸ್ಫುಟವಾಗಿಯೂ ಇರುವುದಿಲ್ಲ. ಅಲೆಗೆ ಏಳುಬೀಳುವ ದೋಣಿ, ಎಂಜಿನ್ನಿನ ನಡುಕ, ನೆತ್ತಿಯ ಬಿಸಿಲು, ಕಾದ ದಿಬ್ಬದ ಮೇಲೆ ಕುಣಿಯುವ ಗಾಳಿ. ಬಿಸಿಗಾಳಿಯ ಮಸುಕಿಗೆ ಲಕ್ಷಗಟ್ಟಲೆ ರೂಪಾಯಿಯ ಲೆನ್ಸಿನಲ್ಲಿಯೂ ಮದ್ದಿಲ್ಲ, ಕಂಪ್ಯೂಟರಿನಲ್ಲಿಯೂ ಇಲ್ಲ. ಮದ್ದಿರುವುದು ಬೆಳಗಿನ ಜಾವದಲ್ಲಿ. ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ ಗಾಳಿ ತಣ್ಣಗಿರುತ್ತದೆ, ನೀರು ನಿಂತಿರುತ್ತದೆ, ಓರೆಯಾಗಿ ಬಂದ ಬೆಳಕು ಹಕ್ಕಿಯ ಕಣ್ಣನ್ನು ನೇರವಾಗಿ ಮುಟ್ಟುತ್ತದೆ.

ಆ ಹೊತ್ತಿನಲ್ಲಿ ಅನುಭವಸ್ಥರು ದಿಬ್ಬದಿಂದ ದೂರದಲ್ಲಿಯೇ ಎಂಜಿನ್ ನಿಲ್ಲಿಸಲು ಹೇಳುತ್ತಾರೆ. ದೋಣಿಯ ತೂಗಾಟ ಅಡಗುವವರೆಗೆ ಕಾಯುತ್ತಾರೆ. ಮುಕ್ಕಾಲಿಯನ್ನು ಬದಿಗಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಮೀನಿಗಾಗಿ ಸುತ್ತುವ ಹಕ್ಕಿ ತಾನಾಗಿ ದೋಣಿಯ ಬಳಿ ಬಂದಾಗ ಅದನ್ನು ಕ್ಯಾಮರಾದೊಂದಿಗೆ ಹಿಂಬಾಲಿಸುತ್ತಾರೆ. ರೀವ ಕುತೂಹಲದ ಹಕ್ಕಿ. ಅಟ್ಟದೆ ಇದ್ದರೆ ಅನೇಕ ಸಲ ಬರುತ್ತದೆ. ದಿಬ್ಬದ ಮೇಲೆ ಕುಳಿತವುಗಳನ್ನು ಚಿಕ್ಕದಾಗಿಯೇ ತೆಗೆಯುತ್ತಾರೆ. ಚೌಕಟ್ಟಿನ ಮುಕ್ಕಾಲು ಪಾಲು ಹಿನ್ನೀರು, ಹಿಂದೆ ನೀಲಿ ಗುಡ್ಡ, ನಡುವೆ ಒಂದು ಗೆರೆಯಷ್ಟು ನೆಲ, ಅದರ ಮೇಲೆ ಸಾಲಾಗಿ ಕರಿಯ ಟೋಪಿಗಳು. ಕತ್ತರಿಸಲು ಏನೂ ಇಲ್ಲ, ಹಿಗ್ಗಿಸುವ ಆಸೆಯೂ ಬರುವುದಿಲ್ಲ.

ಎಂಟು ಗಂಟೆಗೆಲ್ಲ ದಿಬ್ಬದ ಮೇಲಿನ ಗಾಳಿ ನಡುಗತೊಡಗುತ್ತದೆ. ದೋಣಿ ತಿರುಗುತ್ತದೆ. ಹಿಂದೆ ಒಂದು ರೀವ ನೀರಿಗೆ ಎದೆ ತಾಗಿಸಿ ಎದ್ದು, ಹನಿ ಉದುರಿಸುತ್ತ ಹೋಗಿ, ಜೊತೆಯ ಹಕ್ಕಿಯನ್ನು ಎಬ್ಬಿಸಿ, ಮೊಟ್ಟೆಗಳ ಮೇಲೆ ಕುಳಿತುಕೊಳ್ಳುತ್ತದೆ.